ಸುಮನಸನಿಗೆ ನಾನು ಬುದ್ಧಿ ಕಲಿಸಿದ್ದು

ನನಗೊಂದು ಕೆಟ್ಟ ಚಟವಿದೆ. ಕಥೆ ಪುಸ್ತಕ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲೇಬೇಕು. ಕಥಾನಾಯಕ ಪೆದ್ದು ಕೆಲಸ ಮಾಡಿದ ಕಡೆಯಲ್ಲೆಲ್ಲ ಪುಟದ ಅಂಚಿನಲ್ಲಿ 'ದಡ್ಡ' ಎಂದು ಬರೆಯಲೇಬೇಕು. ಮೊನ್ನೆ ಅಕ್ಕನ ಮಗಳು ದಪ್ಪ ಪುಸ್ತಕವೊಂದನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದಳು. ಮುಖಪುಟದಲ್ಲಿ ಕತ್ತಿ, ಮಂಜು ಕವಿದ ಬೆಟ್ಟ, ಬೆಟ್ಟದ ತುದಿಯಲ್ಲಿ ರೆಕ್ಕೆ ಬಿಚ್ಚಿದ ಯಾವುದೋ ಪ್ರಾಣಿ. ಎರಡೇ ದಿನದಲ್ಲಿ ಓದಿ ಮುಗಿಸಿ ವಾಪಸ್ ಕೊಟ್ಟೆ. ಸಾಯಂಕಾಲ ಫೋನ್ ಬಂತು.

"ಚಿಕ್ಕಮ್ಮಾ, ನನ್ನ ಬುಕ್ಕಲ್ಲಿ ನಲವತ್ತೊಂದು ಕಡೆ ದಡ್ಡ ಅಂತ ಬರ್ದಿದೀಯ!"

"ಅಷ್ಟೇನಾ? ಎಲ್ಲೋ ಎರಡು ಮೂರು ಕಡೆ ಬಿಟ್ಟುಹೋಗಿರ್ಬೇಕು."

ಅವಳು ಫೋನ್ ಇಟ್ಟುಬಿಟ್ಟಳು.

ಇಂಥ ನಾಯಕರನ್ನು ಕಂಡರೆ ನನಗೆ ಆಗುವುದಿಲ್ಲ ಸ್ವಾಮಿ. ಕಾಡಿನಂಚಿನ ಗುಡಿಸಲಲ್ಲಿ ಬೆಳೆದಿರುತ್ತಾನೆ. ತಾನು ಯಾರ ಮಗ ಎಂಬುದು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತು. ತೆರೆಯಬೇಡ ಎಂದ ಬಾಗಿಲನ್ನು ತೆರೆಯುತ್ತಾನೆ, ತಿನ್ನಬೇಡ ಎಂದ ಹಣ್ಣನ್ನು ತಿನ್ನುತ್ತಾನೆ. ಕೆಂಪು ಕಣ್ಣಿನ, ಗೊಗ್ಗರು ದನಿಯ, ಕರಿ ಕಂಬಳಿ ಹೊದ್ದವನೊಬ್ಬ ಎದುರಾದರೆ ಅವನನ್ನೇ ಹಿಡಿದು "ಅಯ್ಯಾ, ದಾರಿ ಯಾವುದು?" ಎಂದು ಕೇಳುತ್ತಾನೆ. ಮುನ್ನೂರು ಪುಟ ಕಳೆದ ಮೇಲೆ "ಅಯ್ಯೋ, ಮೋಸಹೋದೆನಲ್ಲ" ಎಂದು ಗೋಳಾಡುತ್ತಾನೆ. ನಮಗದು ಮೂರನೆಯ ಪುಟದಲ್ಲೇ ಗೊತ್ತಿತ್ತು. ಈ ಮಹಾಶಯ ಲೋಕವನ್ನು ಉದ್ಧಾರ ಮಾಡುವುದು ಹಾಗಿರಲಿ, ಗಾಂಧಿಬಜಾರಿಗೆ ಹೋಗಿ ಒಂದು ಕೆ.ಜಿ. ಅವರೆಕಾಯಿ ತರಲಿ ನೋಡೋಣ. ನಮ್ಮಮ್ಮ ಒಂದೊಂದು ಕಾಯನ್ನೂ ಮೂಸಿ, ಸೊಗಡು ಇದೆಯೋ ಇಲ್ಲವೋ ನೋಡಿ ಆರಿಸುತ್ತಿದ್ದಳು. ಕಾಯಿ ಮಾರುವವಳು "ಅಮ್ಮೋ, ಎಲ್ಲಾನೂ ಮೂಗಿಗೇ ತುಂಬ್ಕೊಂಡು ಹೋಗ್ಬಿಡಿ" ಎಂದು ಕೂಗಿದರೂ ಜಗ್ಗುತ್ತಿರಲಿಲ್ಲ. ಅಂಥ ತಾಯಿಯ ಮಗಳು ನಾನು.

ತಂದೆಯ ಕಡೆಯಿಂದ ಬಂದದ್ದೂ ಕಡಿಮೆಯೇನಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಥೆ ಹೇಳು ಎಂದು ಪೀಡಿಸಿದರೆ ಅವರು ಹೇಳುತ್ತಿದ್ದ ಕಥೆ ಪೂರ್ತಿ ಇಷ್ಟು: "ಒಬ್ಬ ರಾಜ. ಅವನಿಗೆ ಮೂರು ಮಕ್ಕಳು. ಕಿರಿಯವನು ಪೆದ್ದ. ಸರಿ, ಅವನೇ ಗೆಲ್ತಾನೆ. ಈಗ ಹದಿಮೂರರ ಮಗ್ಗಿ ಹೇಳು."

ಆಗ ನಾವು ತ್ಯಾಗರಾಜನಗರದಲ್ಲಿದ್ದೆವು. ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ. ಅಂಗಡಿ ಎಂದರೆ ಒಂದು ಕೋಣೆ. ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ, ಒಳಗೆಲ್ಲ ನಶ್ಯದ ವಾಸನೆ. ಅದರ ಯಜಮಾನರು ಒಂದು ದಿನ ನನ್ನನ್ನು ನಿಲ್ಲಿಸಿಕೊಂಡು, ಹೊದಿಕೆ ಕಿತ್ತ ಪುಸ್ತಕವೊಂದನ್ನು ಮುಂದೆ ಹಿಡಿದರು. "ಈ ದಡ್ಡ ಯಾರಮ್ಮ? ನಾನೋ, ಪುಸ್ತಕ ಬರೆದೋರೋ?" ಒಂದು ರಬ್ಬರ್ ಕೊಟ್ಟು ಮೆಟ್ಟಿಲ ಮೇಲೆ ಕೂರಿಸಿದರು. ಬೇಸಿಗೆ ರಜದ ನಾಲ್ಕು ಮಧ್ಯಾಹ್ನ ಕೂತು ಅಳಿಸಿದೆ. ಬಂದುಹೋಗುವವರೆಲ್ಲ "ಏನು ಪುಟ್ಟಿ, ಕೆಲಸಕ್ಕೆ ಸೇರ್ಕೊಂಡ್ಯಾ?" ಎಂದು ವಿಚಾರಿಸಿದರು. ಇಷ್ಟಾದರೂ ಬುದ್ಧಿ ಬರಲಿಲ್ಲ. ಮುಂದಿನ ವಾರದಿಂದ ಕೇವಲ 'ದ' ಎಂದು ಬರೆಯತೊಡಗಿದೆ.

ಇಂಥವಳಿಗೆ ಎಂಥ ಕೆಲಸ ಸಿಗಬೇಕು ಹೇಳಿ. ತೊಂಬತ್ತಾರರಲ್ಲಿ ಬಿ.ಎ. ಮುಗಿಸಿದ ಮೇಲೆ ಚಾಮರಾಜಪೇಟೆಯ ಒಂದು ಮಾಸಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ತಪ್ಪು ಹುಡುಕುವುದೇ ಉದ್ಯೋಗ! ಪತ್ರಿಕೆಯ ಹೆಸರು ಬೇಡ. ಈಗ ಅದು ನಿಂತುಹೋಗಿದೆ. ಸಂಪಾದಕರು ಶೇಷಗಿರಿಯವರು ಒಳ್ಳೆಯವರು, ಆದರೆ ಯಾವ ಲೇಖನವನ್ನೂ ಎರಡು ಪುಟಕ್ಕಿಂತ ಹೆಚ್ಚು ಓದುವ ತಾಳ್ಮೆ ಇರದವರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಲು ಗೀತಾ ಎಂಬ ನನ್ನದೇ ವಯಸ್ಸಿನ ಹುಡುಗಿಯಿದ್ದಳು. ನನ್ನ ಮೇಜಿನ ಮೇಲೆ ಕೆಂಪು ಇಂಕಿನ ಪೆನ್ನು, ಒಂದು ನಿಘಂಟು, ತಿಂಗಳಿಗೊಮ್ಮೆ ಬರುತ್ತಿದ್ದ ಒಂದು ಹಿಂಸೆ.

ಆ ಹಿಂಸೆಯ ಹೆಸರು 'ಸುಮನಸನ ಯಾತ್ರೆ'. ಧಾರಾವಾಹಿ. ಬರೆಯುತ್ತಿದ್ದವರು ಮಾವಳ್ಳಿಯ ನರಹರಿ ಮೇಷ್ಟ್ರು, ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಸುಮನಸ ಕಳೆದುಹೋದ ತನ್ನ ತಂಗಿಯನ್ನು ಹುಡುಕುತ್ತ ನೀಲಿ ಕುದುರೆ ಏರಿ ಹೊರಟ ಯುವಕ. ನಾನು ಸೇರಿ ಕೆಲವು ತಿಂಗಳಾಗುವ ಹೊತ್ತಿಗೆ ಹದಿನಾಲ್ಕು ಕಂತು ಮುಗಿದಿದ್ದವು. ಆ ಹದಿನಾಲ್ಕರಲ್ಲಿ ಅವನು ಒಬ್ಬಳೇ ಮಾಯಾವಿ ಮುದುಕಿಯಿಂದ ಏಳು ಸಲ ಮೋಸಹೋಗಿದ್ದ. ಒಮ್ಮೆ ಕುಂಟಿಯಾಗಿ ಬಂದಳು, ಬುತ್ತಿ ಕೊಟ್ಟ. ಒಮ್ಮೆ ಕುರುಡಿಯಾಗಿ ಬಂದಳು, ಕುದುರೆಯನ್ನೇ ಕೊಟ್ಟ. ಮುಂದಿನ ಕಂತಿನಲ್ಲಿ ಕುದುರೆ ತಾನಾಗಿ ಓಡಿಬಂತೆನ್ನಿ. ಇವನಿಗಿಂತ ಕುದುರೆಗೆ ಬುದ್ಧಿ ಹೆಚ್ಚು. ಮುದುಕಿಯ ಮೂಗಿನ ಮೇಲೆ ಒಂದು ದೊಡ್ಡ ನರುಲಿ ಇದೆ ಎಂದು ಮೇಷ್ಟ್ರು ಪ್ರತಿ ಸಲವೂ ಬರೆಯುತ್ತಿದ್ದರು. ಓದುಗರಿಗೆಲ್ಲ ಕಾಣುವ ನರುಲಿ ಸುಮನಸನಿಗೆ ಮಾತ್ರ ಕಾಣದು. ಹಾಗಿದ್ದೂ ಪತ್ರಿಕೆಗೆ ಬರುತ್ತಿದ್ದ ಕಾಗದಗಳಲ್ಲಿ ಅರ್ಧ ಈ ದಡ್ಡನಿಗೇ! 'ಸುಮನಸನಿಗೆ ಯಾರಾದರೂ ಹೇಳಿ, ಆಕೆಯನ್ನು ನಂಬಬಾರದು' ಎಂದು ಓಕಳಿಪುರದ ಶಾಲೆಯ ಹುಡುಗಿಯೊಬ್ಬಳು ತಿಂಗಳು ತಪ್ಪದೆ ಕಾರ್ಡು ಹಾಕುತ್ತಿದ್ದಳು. ನಾನು ಆ ಕಾರ್ಡುಗಳನ್ನು ಗೀತಾಳಿಗೆ ಓದಿಹೇಳಿ ನಗುತ್ತಿದ್ದೆ.

ಹೀಗಿರುವಾಗ ಮೇಷ್ಟ್ರ ಎರಡೂ ಕಣ್ಣಿಗೆ ಪೊರೆ ಬಂತು. ಸಕ್ಕರೆ ಕಾಯಿಲೆ ಬೇರೆ. ಅದು ಹಿಡಿತಕ್ಕೆ ಬರುವವರೆಗೆ ಆಪರೇಷನ್ ಮಾಡುವುದಿಲ್ಲ ಎಂದರು ಡಾಕ್ಟರು. ಮನುಷ್ಯರು ಮಸುಕಾಗಿ ಕಾಣುತ್ತಾರೆ, ಅಕ್ಷರ ಮಾತ್ರ ಕಾಣುವುದಿಲ್ಲ. ಶೇಷಗಿರಿಯವರು ನನ್ನನ್ನು ಕರೆದು, "ವನಜಾ, ತಿಂಗಳಿಗೆ ಎರಡು ದಿನ ಮಾವಳ್ಳಿಗೆ ಹೋಗಿ ಅವರು ಹೇಳಿದ್ದನ್ನ ಬರ್ಕೊಂಡ್ಬಾಮ್ಮ" ಎಂದರು.

ಮೇಷ್ಟ್ರ ಮನೆ ಲಾಲ್‌ಬಾಗಿನ ಗೋಡೆಗೆ ಹತ್ತಿರ. ಮುಂದೆ ಒಂದು ಕಬ್ಬಿಣದ ಗೇಟು, ಎರಡು ಗುಲಾಬಿ ಕುಂಡ, ಒಳಗೆ ಹಾಲಿನಲ್ಲಿ ಬೆತ್ತದ ಕುರ್ಚಿ. ಮೇಷ್ಟ್ರ ಹೆಂಡತಿ ಜಾನಕಮ್ಮ ಪೋಸ್ಟ್ ಆಫೀಸಿನಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. "ನೀವೇ ಬರ್ಕೊಡಬಹುದಿತ್ತಲ್ಲ ಅಮ್ಮ" ಎಂದೆ ಮೊದಲ ದಿನ.

"ಮೂವತ್ತು ವರ್ಷ ಊರೋರ ವಿಳಾಸ ಓದಿದೀನಿ ಕಣಮ್ಮ. ಇನ್ನು ನಾನು ಏನೂ ಓದಲ್ಲ, ಬರೆಯಲ್ಲ" ಎಂದು ಸಕ್ಕರೆಯಿಲ್ಲದ ಕಾಫಿಯನ್ನು ಮೇಷ್ಟ್ರಿಗೂ ಸಕ್ಕರೆ ಹಾಕಿದ್ದನ್ನು ನನಗೂ ಕೊಟ್ಟು ಅಡುಗೆಮನೆಗೆ ಹೋದರು.

ಮೇಷ್ಟ್ರು ಕಥೆ ಹೇಳುವಾಗ ಕಣ್ಣು ಮುಚ್ಚಿಕೊಂಡು ಗಾಳಿಯಲ್ಲಿ ಬೆರಳಿನಿಂದ ಚಿತ್ರ ಬರೆಯುತ್ತಿದ್ದರು. ಬೆಟ್ಟ ಬಂದರೆ ಬೆರಳು ಮೇಲೇರುತ್ತಿತ್ತು, ಹೊಳೆ ಬಂದರೆ ಅಡ್ಡಡ್ಡ ಹರಿಯುತ್ತಿತ್ತು. ಮೊದಲ ದಿನದ ಕಂತಿನಲ್ಲಿ ಮುದುಕಿ ಒಂದು ಬಾವಿಯ ಕಟ್ಟೆಯ ಮೇಲೆ ಕೂತಿದ್ದಾಳೆ. ಮೊಮ್ಮಗಳ ಮದುವೆ, ಕೈಯಲ್ಲಿ ಏನೂ ಇಲ್ಲ, ನಿನ್ನ ಉಂಗುರ ಕೊಡು ಎನ್ನುತ್ತಾಳೆ. ಆ ಉಂಗುರ ಅವನ ತಾಯಿಯದು. ಅದನ್ನು ತೋರಿಸಿದರೆ ತಂಗಿಯಿರುವ ಕೋಟೆಯ ಬಾಗಿಲು ತೆರೆಯುತ್ತದೆ. ಸುಮನಸ ಕೊಟ್ಟುಬಿಡುತ್ತಾನೆ. ಮುದುಕಿ ಗಿಡುಗವಾಗಿ ಹಾರಿಹೋಗುತ್ತಾಳೆ.

ನಾನು ಪೆನ್ನು ಕೆಳಗಿಟ್ಟೆ.

"ಮೇಷ್ಟ್ರೇ, ಎಂಟನೇ ಸಲ ಇದು."

"ಹೌದಾ? ನೀನು ಲೆಕ್ಕ ಇಟ್ಟಿದೀಯ?"

"ಅವಳ ಮೂಗಿನ ಮೇಲೆ ನರುಲಿ ಇದೆ. ಇವನು ನೋಡಲ್ವಾ?"

"ಅವನು ಜನರ ಮೂಗು ನೋಡಲ್ಲಮ್ಮ. ಯಾರಾದ್ರೂ ಅಳ್ತಿದ್ರೆ ಕಣ್ಣು ನೋಡ್ತಾನೆ."

"ಹೀರೋ ಇಷ್ಟು ಪೆದ್ದ ಆದ್ರೆ ಓದೋರಿಗೆ ಬೇಜಾರಾಗಲ್ವಾ?"

ಅವರು ನಕ್ಕರು. "ಅವನು ಪೆದ್ದ ಅಂತ ನಂಗೊತ್ತು, ನಿಂಗೊತ್ತು, ಆ ಕುದುರೆಗೂ ಗೊತ್ತು. ಬರ್ಕೋ, ಬರ್ಕೋ."

ಬರೆದುಕೊಂಡೆ. ಆಫೀಸಿಗೆ ಬಂದು ಗೀತಾಳಿಗೆ ಕೊಡಲು ಒಳ್ಳೆಯ ಪ್ರತಿ ಮಾಡಲು ಕೂತೆ. ಉಂಗುರದ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ಹಾಳು ಉಂಗುರ ಕೊಡದಿದ್ದರೆ ಏನಾಗುತ್ತದೆ ನೋಡಿಯೇಬಿಡೋಣ ಎನ್ನಿಸಿತು. ಅರ್ಧ ಗಂಟೆಯಲ್ಲಿ ಎರಡು ಪುಟ ಬರೆದೆ. ನನ್ನ ಸುಮನಸ ಬಾವಿಕಟ್ಟೆಯ ಮುದುಕಿಗೆ ಕೈಮುಗಿದು, "ಅಜ್ಜಿ, ಹೋದ ತಿಂಗಳು ಹೊಳೆಯ ದಂಡೆಯಲ್ಲಿ ಕುಂಟುತ್ತಿದ್ದಿರಿ. ಯಾವ ಕಾಲು ಕುಂಟು? ಎಡವೋ ಬಲವೋ?" ಎಂದು ಕೇಳಿದ. "ಮೊಮ್ಮಗಳ ಹೆಸರೇನು? ಗಂಡು ಯಾವ ಊರಿನವನು?" ಎಂದ. ಮುದುಕಿ ತಡವರಿಸಿ, ಗಿಡುಗವಾಗಿ ಬರಿಗೈಯಲ್ಲಿ ಹಾರಿಹೋದಳು. ನನಗಾದ ಸಂತೋಷ ಹೇಳತೀರದು. ಹುಟ್ಟಿದಾಗಿನಿಂದ ಪುಸ್ತಕದ ಅಂಚಿನಲ್ಲಿ ನಿಂತು ಕೂಗಿದ್ದನ್ನು ಕೊನೆಗೂ ಒಬ್ಬ ನಾಯಕ ಕೇಳಿಸಿಕೊಂಡಿದ್ದ.

ಗೀತಾ ಅಕ್ಷರ ಜೋಡಿಸುತ್ತ, "ಲೇ, ಮೇಷ್ಟ್ರಿಗೆ ಬುದ್ಧಿ ಬಂತಲ್ಲೇ!" ಎಂದಳು. ನಾನು ನಿಘಂಟಿನ ಪುಟ ತಿರುವಿದೆ. ಶೇಷಗಿರಿಯವರು ಎಂದಿನಂತೆ ಮೊದಲ ಪುಟ ನೋಡಿ ಸಹಿ ಹಾಕಿದರು. ಸಂಚಿಕೆ ಅಚ್ಚಾಯಿತು.

ಮುಂದಿನ ಸಲ ಮಾವಳ್ಳಿಗೆ ಹೋದಾಗ ಪತ್ರಿಕೆ ಅಲ್ಲಿಗೆ ಆಗಲೇ ಬಂದಿತ್ತು. ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ಅಚ್ಚಾದ ಹಾಳೆಯನ್ನು ಒಮ್ಮೆ ಮೂಸಿ ನನ್ನ ಕಡೆ ಚಾಚಿದರು. "ಓದಮ್ಮ. ಅಚ್ಚಲ್ಲಿ ಹೇಗೆ ಬಂದಿದೆ ಕೇಳ್ಬೇಕು."

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡ ನೋಟ್‌ಬುಕ್ಕು ನನ್ನ ಚೀಲದಲ್ಲಿತ್ತು. ಸದ್ದಾಗದಂತೆ ತೆಗೆದು ಪತ್ರಿಕೆಯ ಒಳಗಿಟ್ಟುಕೊಂಡೆ. ಪತ್ರಿಕೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನೋಟ್‌ಬುಕ್ಕಿನಿಂದ ಓದಿದೆ. ಉಂಗುರ ಕೊಟ್ಟ ಸಾಲು ಬಂದಾಗ ದನಿ ಇಳಿಸಿ ಭಾವ ತುಂಬಿ ಓದಿದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಪುಟ ತಿರುಗಿಸುವ ಕಡೆ ಪತ್ರಿಕೆಯ ಪುಟವನ್ನೂ ತಿರುಗಿಸಿದೆ. ಮೇಷ್ಟ್ರ ಮುಖ ಅರಳಿತು.

"ಒಂದು ಅಕ್ಷರಾನೂ ಆಚೀಚೆ ಆಗಿಲ್ಲ. ಶೇಷಗಿರಿಗೆ ಹೇಳ್ಬೇಕು, ಒಳ್ಳೆ ಹುಡುಗೀನ ಕಳಿಸಿದಾರೆ ಅಂತ."

ಇಷ್ಟು ಸುಲಭವಾಗಿ ನಂಬುವ ಮನುಷ್ಯನ ನಾಯಕ ಇನ್ನು ಹೇಗಿದ್ದಾನು ಎಂದುಕೊಂಡೆ. ಮನಸ್ಸಿನಲ್ಲಿ ತಾತ್ಸಾರವೇ ಇತ್ತು, ಸುಳ್ಳೇಕೆ ಹೇಳಲಿ.

ಆದರೆ ಅಂದು ಮೇಷ್ಟ್ರು ಹೇಳಿದ ಕಂತು ಉಂಗುರ ಕಳೆದುಕೊಂಡ ಸುಮನಸನದು. ಉಂಗುರವಿಲ್ಲದೆ ಕೋಟೆಯ ಬಾಗಿಲು ತೆರೆಯುವುದಿಲ್ಲ. ಅವನು ಹೊರಗಿನ ಮಡಿವಾಳರ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ನಿಲ್ಲುತ್ತಾನೆ. ಒಗೆಯಲು ಬಂದ ಬಟ್ಟೆಗಳಲ್ಲಿ ತಂಗಿಯ ದಾವಣಿ ಸಿಗುತ್ತದೆ. ಬರೆದುಕೊಳ್ಳುತ್ತ ನನಗೇ ಮುಂದೇನು ಎಂದು ತವಕವಾಯಿತು. ಆಫೀಸಿಗೆ ಬಂದು ಕೂತಾಗ ತೊಡಕು ಗೊತ್ತಾಯಿತು. ನನ್ನ ಸುಮನಸನ ಬೆರಳಿನಲ್ಲಿ ಉಂಗುರ ಹಾಗೇ ಇದೆ! ಕೋಟೆಗೆ ಹೋಗುತ್ತಾನೆ, ತೋರಿಸುತ್ತಾನೆ, ಬಾಗಿಲು ತೆರೆಯುತ್ತದೆ, ತಂಗಿ ಸಿಗುತ್ತಾಳೆ, ಮುಗಿಯಿತು. ಮೂರು ಸಾಲು. ಶೇಷಗಿರಿಯವರು ಕೊಟ್ಟದ್ದು ನಾಲ್ಕು ಪುಟ.

ಏನು ಮಾಡುವುದು? ಅವನು ಬಾಗಿಲನ್ನು ಸಂಶಯಿಸುವಂತೆ ಮಾಡಿದೆ. ಇಷ್ಟು ಸುಲಭವಾಗಿ ತೆರೆಯುವ ಬಾಗಿಲಿನ ಹಿಂದೆ ಏನೋ ಮೋಸವಿರಬೇಕು ಎಂದು ಅವನು ಕೋಟೆಯನ್ನು ಒಂದು ಸುತ್ತು ಹಾಕಿ ಬಂದ. ಅದರ ಮುಂದಿನ ತಿಂಗಳು ಇನ್ನೊಂದು ಸುತ್ತು. ಕೋಟೆಯ ಸುತ್ತಲಿನ ಅಗಳಿನ ನೀರಿನಲ್ಲಿದ್ದ ಹಂಸವೊಂದು 'ಬಾ, ದಾಟಿಸುತ್ತೇನೆ' ಎಂದಿತು. ಮೊದಲು ಯಾರನ್ನು ದಾಟಿಸಿದ್ದೀಯ, ಅವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿದ. ಹಂಸ ಬೇಸರಪಟ್ಟು ಹೊರಟುಹೋಯಿತು. ಹಸಿದಾಗ ಹುಡುಗಿಯೊಬ್ಬಳು ರೊಟ್ಟಿ ತಂದಳು. ಮುರಿದು, ಮೂಸಿ, ನಾಯಿಗೆ ಹಾಕಿ ನೋಡಿದ. ಅಷ್ಟರಲ್ಲಿ ರೊಟ್ಟಿ ಮುಗಿಯಿತು. ನಮ್ಮ ಮನೆಯ ಬುದ್ಧಿಯನ್ನೆಲ್ಲ ಅವನಿಗೆ ಧಾರೆಯೆರೆದಿದ್ದೆ. ಅವನಿಗೆ ಯಾರೂ ಮೋಸ ಮಾಡಲಾರದವರಾದರು. ಅವನು ಎಲ್ಲಿಗೂ ಹೋಗಲಾರದವನಾದ.

ಮೊದಲ ತಿಂಗಳು ಮಲ್ಲೇಶ್ವರದ ನಿವೃತ್ತ ಹೆಡ್‌ಮಾಸ್ಟರೊಬ್ಬರು 'ಕೊನೆಗೂ ನಾಯಕ ಪ್ರಬುದ್ಧನಾದ' ಎಂದು ಬರೆದಿದ್ದರು. ಆ ಕಾಗದವನ್ನು ಬಹಳ ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ತಿಂಗಳು ಹೆಡ್‌ಮಾಸ್ಟರರೂ ಬರೆಯಲಿಲ್ಲ. ಓಕಳಿಪುರದ ಹುಡುಗಿಯ ಕಾರ್ಡು ಬಂತು. 'ಮೊದಲು ಸುಮನಸನಿಗೆ ಏನಾಗುತ್ತೋ ಎಂದು ಭಯವಾಗುತ್ತಿತ್ತು. ಈಗ ಅವನಿಗೆ ಏನೂ ಆಗುವುದಿಲ್ಲ ಎಂದು ಗೊತ್ತು. ನಾನು ಇನ್ನು ಓದುವುದಿಲ್ಲ.' ಗೀತಾಳಿಗೆ ತೋರಿಸಿದೆ. ಈ ಸಲ ಇಬ್ಬರೂ ನಗಲಿಲ್ಲ.

ಶೇಷಗಿರಿಯವರು ನನ್ನನ್ನು ಕರೆದರು. ಮೇಜಿನ ಮೇಲೆ ಮೂರು ಸಂಚಿಕೆ ಹರಡಿದ್ದವು, ಪಾಪ, ಓದಿದ್ದರು.

"ಏನಮ್ಮ ಇದು? ಎರಡು ತಿಂಗಳಿಂದ ಕೋಟೆ ಸುತ್ತುತಾನೇ ಇದಾನೆ. ಪ್ರದಕ್ಷಿಣೆ ಹರಕೆ ಹೊತ್ತಿದಾನಾ?"

ನಾನು ಆ ಸಂಚಿಕೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

"ಮೇಷ್ಟ್ರಿಗೆ ವಯಸ್ಸಾಯ್ತು. ಕಣ್ಣಿನ ಜೊತೆ ಕೈಯೂ ಹೋಯ್ತು ಅನ್ಸುತ್ತೆ. ಆಪರೇಷನ್ ಆಗ್ಲಿ, ಮುಗಿಸಿಬಿಡಿ ಅಂತ ನಾನೇ ಹೇಳ್ತೀನಿ. ನೀನೇನೂ ಹೇಳ್ಬೇಡ, ನೊಂದ್ಕೋತಾರೆ."

"ಆಯ್ತು ಸರ್" ಎಂದೆ. ಅದೊಂದು ಮಾತು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಕಥೆಯಲ್ಲಿ ಮೋಸಗಾರರಿಗೆ ಗಿಡುಗವಾಗಿ ಹಾರಿಹೋಗುವ ಅನುಕೂಲವಿದೆ. ನಾನು ನನ್ನ ಮೇಜಿಗೆ ಹೋಗಿ ಕೂತು ಜಾಹೀರಾತಿನ ಕಾಗುಣಿತ ತಿದ್ದಿದೆ.

ಆಪರೇಷನ್ ಆಯಿತು. ಕೆಲವು ವಾರ ಬಿಟ್ಟು ಮೇಷ್ಟ್ರಿಗೆ ಹೊಸ ಕನ್ನಡಕ ಬಂತು ಎಂದು ಸುದ್ದಿ ಬಂತು. ಅದರ ಬೆನ್ನಿಗೇ ಶೇಷಗಿರಿಯವರು ಹೇಳಿದರು: "ನಾನು ಬಾಯಿಬಿಡೋ ಮೊದಲೇ ಅವರೇ ಫೋನ್ ಮಾಡಿ ಧಾರಾವಾಹಿ ನಿಲ್ಲಿಸಿಬಿಡಿ ಅಂದ್ರಮ್ಮ. ದನಿ ಯಾಕೋ ಸರಿಯಿರಲಿಲ್ಲ. ಏನಾಗಿದೆ ಹೋಗಿ ನೋಡ್ಕೊಂಡ್ಬಾ."

ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ. ಮಿನರ್ವ ಸರ್ಕಲ್ ದಾಟುವ ಹೊತ್ತಿಗೆ ಎಲ್ಲ ಕಲಸಿಹೋದವು.

ಮೇಷ್ಟ್ರು ಅದೇ ಬೆತ್ತದ ಕುರ್ಚಿಯಲ್ಲಿದ್ದರು. ದಪ್ಪ ಕನ್ನಡಕದ ಹಿಂದೆ ಕಣ್ಣುಗಳು ದೊಡ್ಡದಾಗಿ ಕಂಡವು. ನನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿ, "ಓ, ಇಷ್ಟು ಚಿಕ್ಕ ಹುಡುಗಿಯಾ ನೀನು? ದನಿ ಕೇಳಿ ಸ್ವಲ್ಪ ದೊಡ್ಡವಳು ಅಂದ್ಕೊಂಡಿದ್ದೆ" ಎಂದರು. ಮುಂದಿನ ಸ್ಟೂಲಿನ ಮೇಲೆ ಮೂರೂ ಸಂಚಿಕೆಗಳಿದ್ದವು. ಜಾನಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ನೀನು ಬೇಜಾರು ಮಾಡ್ಕೋಬೇಡಮ್ಮ" ಎಂದು ಮೇಷ್ಟ್ರೇ ಶುರುಮಾಡಿದರು. "ನಾನು ಏನೇನೋ ಹೇಳಿದೀನಿ, ನೀನು ಪಾಪ ಬರ್ಕೊಂಡಿದೀಯ. ಮಡಿವಾಳರ ಮನೆ ಹೇಳಿದ್ದೆ ಅಂತ ನನ್ನ ತಲೇಲಿದೆ. ದಾವಣಿ ಹೇಳಿದ್ದೆ ಅಂತ ಇದೆ. ಇಲ್ಲಿ ನೋಡಿದ್ರೆ ಒಂದೂ ಇಲ್ಲ. ನೀನು ಓದ್ದಾಗ್ಲೂ ಅದೆಲ್ಲ ಕೇಳಿಸ್ತಲ್ಲ ನಂಗೆ! ಇಲ್ಲದ್ದು ಕೇಳಿಸೋಕೆ ಶುರುವಾದ್ರೆ ಇನ್ನು ಬರೀಬಾರ್ದು. ನಮ್ಮ ತಂದೆಗೂ ಕೊನೇಲಿ ಹಿಂಗೇ ಆಯ್ತು, ಮಕ್ಕಳ ಹೆಸರೂ ಮರೆತ್ರು." ಅವರ ಬೆರಳು ಗಾಳಿಯಲ್ಲಿ ಏನನ್ನೂ ಬರೆಯದೆ ತೊಡೆಯ ಮೇಲೆ ಬಿದ್ದಿತ್ತು.

"ಮೇಷ್ಟ್ರೇ, ಅದು ನಾನು ಬರೆದದ್ದು. ನಿಮ್ಮದನ್ನ ಬಿಟ್ಟು ನಂದು ಅಚ್ಚು ಹಾಕಿಸ್ದೆ."

ಅವರು ನನ್ನನ್ನೇ ನೋಡಿ ಮೆಲ್ಲಗೆ ನಕ್ಕರು. "ಒಳ್ಳೆ ಮಗು ನೀನು. ನನ್ನ ಸಮಾಧಾನಕ್ಕೆ ತಪ್ಪು ನಿನ್ನ ತಲೆ ಮೇಲೆ ಹಾಕೋತಿದೀಯ."

"ಇಲ್ಲ ಮೇಷ್ಟ್ರೇ, ನಿಜವಾಗ್ಲೂ..."

"ಜಾನಕೀ, ನೋಡಿದ್ಯಾ? ಎಷ್ಟು ಒಳ್ಳೆ ಮನಸ್ಸು!"

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ತಪ್ಪೊಪ್ಪಿಕೊಂಡರೂ ನಂಬದ ಈ ಮನುಷ್ಯನ ಮುಂದೆ ನನ್ನ ಕಳ್ಳತನವನ್ನು ನಾನೇ ಸಾಕ್ಷಿ ಸಮೇತ ಸಾಬೀತು ಮಾಡಬೇಕಾಗಿ ಬಂತು. ಚೀಲದಿಂದ ನೋಟ್‌ಬುಕ್ಕು ತೆಗೆದು ಅವರ ಕೈಗೆ ಕೊಟ್ಟೆ. "ಓದಿ" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಅವರು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಬಾವಿಕಟ್ಟೆ ಬಂತು. ಉಂಗುರ ಬಂತು. ಮಡಿವಾಳರ ಕತ್ತೆ ಸುಮನಸನನ್ನು ಒದೆಯುವ ಕಡೆ ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ದಾವಣಿಗೆ ಬಂದಾಗ ಬೆರಳು ನಿಂತಿತು. ಕನ್ನಡಕ ತೆಗೆದರು.

"ಅಂದ್ರೆ ನಾನು ಸರಿಯಾಗೇ ಹೇಳಿದ್ದೆ."

"ಹೌದು ಮೇಷ್ಟ್ರೇ."

"ಇದೇ ಹೇಳಿದ್ದೆ."

"ಒಂದು ಅಕ್ಷರಾನೂ ಬಿಡದೆ."

"ಮತ್ತೆ ಪತ್ರಿಕೆ ಹಿಡ್ಕೊಂಡು ಓದ್ತಿದ್ಯಲ್ಲ, ಅದು?"

"ಒಳಗೆ ಈ ನೋಟ್‌ಬುಕ್ಕಿಟ್ಕೊಂಡಿದ್ದೆ."

"ಮೂರು ಸಲಾನೂ?"

"ಮೂರು ಸಲಾನೂ."

ಅವರು ಪಂಚೆಯ ತುದಿಯಿಂದ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಬೈಯಲಿ, ಮನೆಯಿಂದಾಚೆ ಹೋಗು ಎನ್ನಲಿ, ಶೇಷಗಿರಿಯವರಿಗೆ ಫೋನ್ ಮಾಡಲಿ ಎಂದು ಕಾದೆ. ಅವರು ಕನ್ನಡಕ ಹಾಕಿಕೊಂಡು ಜಾನಕಮ್ಮನ ಕಡೆ ತಿರುಗಿದರು.

"ಜಾನಕೀ, ನನ್ನ ತಲೆ ನೆಟ್ಟಗಿದೆ ಕಣೇ!"

ಇಷ್ಟೇ. ಮುಖದಲ್ಲಿ ಹಬ್ಬ. ಅಲ್ಲಿಗೆ ನನ್ನ ಅಪರಾಧದ ವಿಚಾರಣೆ ಮುಗಿಯಿತು. ಎರಡು ನಿಮಿಷದಲ್ಲಿ ಅವರ ಬೆರಳು ಗಾಳಿಗೆ ಏರಿತು. ಮೂರು ತಿಂಗಳು ಅಚ್ಚಾದದ್ದನ್ನು ಅಳಿಸಲು ಆಗುವುದಿಲ್ಲ, ಏನು ಮಾಡೋಣ ಎಂದು ನನ್ನನ್ನೇ ಕೇಳಿದರು. ನಾನು ಉತ್ತರ ಹೇಳುವ ಮೊದಲೇ ಅವರಿಗೆ ಹೊಳೆಯಿತು.

"ಬಾವಿ ಹತ್ರ ಮುದುಕಿ ಸೋತು ಹೋಗಿಲ್ಲ. ಹಾರಿಹೋಗೋವಾಗ ರೆಕ್ಕೆ ಕೊಡವಿ ಅವನ ಕಣ್ಣಿಗೆ ಸಂಶಯದ ಪುಡಿ ಉದುರಿಸಿದಾಳೆ. ಅದಕ್ಕೇ ಕೋಟೆ ಸುತ್ತುತಿದಾನೆ, ಹಂಸಾನ ಓಡಿಸಿದಾನೆ. ಎಲ್ಲಾ ಪುಡಿ ಮಹಿಮೆ. ಈಗ ಆ ರೊಟ್ಟಿ ಹುಡುಗಿ ವಾಪಸ್ ಬಂದು ಅವನ ಕಣ್ಣು ತೊಳೀತಾಳೆ. ಹೆಂಗೆ?"

ನಮ್ಮ ಅಪ್ಪ ಅಮ್ಮನಿಂದ ಬಂದ, ನಾನು ಜತನದಿಂದ ಬೆಳೆಸಿದ ಬುದ್ಧಿ ಅವರ ಕಥೆಯಲ್ಲಿ ಒಂದು ಕಣ್ಣಿನ ಕಾಯಿಲೆಯಾಯಿತು! ತೊಳೆದುಬಿಟ್ಟರೆ ವಾಸಿ. ಆ ಕ್ಷಣದಲ್ಲಿ ಅವಮಾನವಾಯಿತು ಎಂದೇ ಹೇಳಬೇಕು. ಆದರೂ, "ಚೆನ್ನಾಗಿದೆ ಮೇಷ್ಟ್ರೇ" ಎಂದೆ. ಚೆನ್ನಾಗಿತ್ತು, ಏನು ಮಾಡಲಿ.

ಕಣ್ಣಿಗೆ ಇನ್ನೂ ಆಯಾಸವಾಗಬಾರದೆಂದು ಡಾಕ್ಟರು ಹೇಳಿದ್ದರು. "ಬರೆಯೋಕೆ ಮುಂದಿನ ವಾರ ಬಂದ್ಬಿಡಮ್ಮ" ಎಂದರು ಮೇಷ್ಟ್ರು.

"ನಾನೇನಾ?"

"ಮತ್ಯಾರು? ನಿನ್ನ ಅಕ್ಷರ ದುಂಡಗಿದೆ."

ಇದೇ, ಇದೇ ನನಗೆ ಹಿಡಿಸದ್ದು. ಎಂಟು ಸಲ ಮೋಸಹೋದವನು ಒಂಬತ್ತನೆಯ ಸಲ ಉಂಗುರ ಕಳಚುವುದು ಹೀಗೆಯೇ. ಇಂಥ ನಾಯಕನಿಂದ ಕಥೆ ನಡೆಯುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಬುದ್ಧಿವಂತನನ್ನಿಟ್ಟುಕೊಂಡು ನನ್ನಿಂದ ಮೂರು ತಿಂಗಳಲ್ಲಿ ಒಂದು ಬಾಗಿಲನ್ನೂ ದಾಟಿಸಲಾಗಲಿಲ್ಲ. ಓದುತ್ತ ಅವನಿಗಾಗಿ ಹೆದರುತ್ತೇವೆ, ಅದೂ ನಿಜ. ಹಾಗೆಂದು ಅವನ ಮೇಲೆ ಗೌರವ ಬಂತು ಎಂದು ಮಾತ್ರ ಯಾರೂ ತಿಳಿಯಬಾರದು. ಅವನ ದಡ್ಡತನಕ್ಕೆ ಅವನ ಸುತ್ತಲಿನವರು ನಿದ್ದೆಗೆಡಬೇಕು. ಇದನ್ನು ಯಾವ ಕಥೆಗಾರನೂ ಬರೆಯುವುದಿಲ್ಲ.

ನನ್ನನ್ನು ಬಿಡಲು ಜಾನಕಮ್ಮ ಗೇಟಿನವರೆಗೆ ಬಂದರು. ಗುಲಾಬಿ ಕುಂಡದ ಒಣಗಿದ ಎಲೆಯೊಂದನ್ನು ಕಿತ್ತು, ಒಳಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ಕನ್ನಡಕ ಬಂದು ಅದನ್ನೆಲ್ಲ ಓದಿದಾಗಿಂದ ಅವರು ಸರಿಯಾಗಿ ಊಟ ಮಾಡಿಲ್ಲ. ಬೆಳಿಗ್ಗೆ ಎದ್ದು ನನ್ನ ಹೆಸರು ಹೇಳಿ ನೋಡ್ಕೋತಿದ್ರು, ನೆನಪಿದ್ಯಾ ಅಂತ. ಅವರು ಇವತ್ತೇ ಮರೀತಾರೆ. ನಾನು ಮರೆಯಲ್ಲ."

"ತಪ್ಪಾಯ್ತಮ್ಮ."

"ಆಯ್ತಲ್ಲ, ಗೊತ್ತು. ಮುಂದಿನ ವಾರ ಬಾ. ಕಾಫಿ ಕೊಡ್ತೀನಿ. ಆದ್ರೆ ನಾನೂ ಅಲ್ಲೇ ಕೂತಿರ್ತೀನಿ. ನೀನು ಬರ್ದಿದ್ದನ್ನೂ ಓದ್ತೀನಿ, ಅಚ್ಚಾಗಿ ಬಂದಿದ್ದನ್ನೂ ಓದ್ತೀನಿ."

ಗೇಟು ಹಾಕಿಕೊಂಡು ಒಳಗೆ ಹೋದರು.

ಮುಂದಿನ ವಾರ ಹೋದಾಗ ಹಾಲಿನಲ್ಲಿ ಇನ್ನೊಂದು ಕುರ್ಚಿ ಬಂದಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕಥೆ ಹೇಳಿದರು, ನಾನು ಬರೆದುಕೊಂಡೆ. ಮುಗಿದ ಮೇಲೆ ಜಾನಕಮ್ಮ ಕೈ ಚಾಚಿದರು. ಏನೂ ಓದುವುದಿಲ್ಲ ಎಂದು ಹಟ ತೊಟ್ಟಿದ್ದ ಆಕೆ ಕನ್ನಡಕ ಏರಿಸಿ ನಾಲ್ಕೂ ಪುಟವನ್ನು ವಿಳಾಸ ನೋಡುವಷ್ಟು ಎಚ್ಚರದಿಂದ ಓದಿ, ಕೊನೆಯ ಸಾಲಿನ ಕೆಳಗೆ ತಮ್ಮ ಸಹಿ ಹಾಕಿ ನನ್ನ ಕೈಗಿತ್ತರು. ಮೇಷ್ಟ್ರು, "ನೋಡಮ್ಮ, ಇವಳಿಗೂ ಈಗ ನನ್ನ ಕಥೆ ರುಚಿ ಹತ್ತಿದೆ" ಎಂದು ಹಿಗ್ಗಿದರು. ನಾವಿಬ್ಬರೂ ಹೌದೆಂದು ತಲೆಯಾಡಿಸಿದೆವು. ಸುಮನಸನಿಗೆ ತಂಗಿ ಸಿಗುವವರೆಗೂ, ಹನ್ನೊಂದು ಕಂತು, ಆ ಸಹಿಯಿಲ್ಲದೆ ಒಂದು ಹಾಳೆಯೂ ಮಾವಳ್ಳಿಯ ಆ ಗೇಟು ದಾಟಲಿಲ್ಲ.